ಸೋತ ಹುಡುಗನ ಹೆಸರು

ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ ಮೈಸೂರಿನ ಒಂದು ಸಂಜೆಪತ್ರಿಕೆಗೆ ಶಾಲಾ ಕ್ರೀಡೆಗಳ ವರದಿಗಾರನಾಗಿದ್ದೆ. ವರದಿಗಾರನೆಂದರೆ ದೊಡ್ಡ ಮಾತಾಯಿತು. ಬೆಳಗ್ಗೆ ಮಾನಸಗಂಗೋತ್ರಿಯಲ್ಲಿ ಪಂಪ ರನ್ನರ ಪಾಠ ಕೇಳುವುದು, ಮಧ್ಯಾಹ್ನ ಊಟ ಮುಗಿಸಿ ಗೆಳೆಯನ ಸೈಕಲ್ಲೇರಿ ಯಾವುದಾದರೊಂದು ಹೈಸ್ಕೂಲಿನ ಮೈದಾನಕ್ಕೆ ಹೋಗುವುದು, ಮರುದಿನ ಹತ್ತು ಗಂಟೆಯೊಳಗೆ ಹದಿನೈದು ಇಪ್ಪತ್ತು ಸಾಲು ಬರೆದುಕೊಡುವುದು. ಅಚ್ಚಾದ ಸಾಲುಗಳನ್ನು ಎಣಿಸಿ ತಿಂಗಳ ಕೊನೆಗೆ ಕೊಡುತ್ತಿದ್ದ ಹಣ ಹಾಸ್ಟೆಲಿನ ಕಾಫಿಯ ಬಾಕಿಗೆ ಸರಿಹೋಗುತ್ತಿತ್ತು. ಇದು 2001ರ ಮಾತು.

ಆ ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಲ್ಲೇ ನನಗೆ ತಿಳಿದುಬಂದ ಸಂಗತಿಯೆಂದರೆ, ಶಾಲಾ ಪಂದ್ಯದ ವರದಿಯನ್ನು ಓದುವವರು ಆಟದ ಅಭಿಮಾನಿಗಳಲ್ಲ, ತಂದೆತಾಯಿಗಳು. ಅವರಷ್ಟು ಸೂಕ್ಷ್ಮವಾಗಿ ಓದುವವರನ್ನು ನಾನು ವಿಶ್ವವಿದ್ಯಾನಿಲಯದಲ್ಲಿಯೂ ಕಂಡಿಲ್ಲ. ‘ಎಂ. ಎಸ್.’ ಎಂದಿರಬೇಕಾದ ಕಡೆ ‘ಎಸ್. ಎಂ.’ ಎಂದು ಅಚ್ಚಾದರೆ ಮರುದಿನ ಕಚೇರಿಯ ಫೋನು ಬಡಿದುಕೊಳ್ಳುತ್ತಿತ್ತು. ಓಟದಲ್ಲಿ ಎರಡನೆಯ ಸ್ಥಾನ ಪಡೆದ ಹುಡುಗಿಯ ಹೆಸರು ಬಿಟ್ಟುಹೋದದ್ದಕ್ಕೆ ಅವಳ ಅಜ್ಜ ಖುದ್ದಾಗಿ ಬಂದು, ಒಂದು ಗಂಟೆ ಕುಳಿತು, ತಮ್ಮ ಕಾಲದ ಪತ್ರಿಕೆಗಳ ಶಿಸ್ತನ್ನು ವರ್ಣಿಸಿ ಹೋದರು. ಥ್ರೋಬಾಲ್ ಪಂದ್ಯವೊಂದರ ಕೊನೆಗೆ ನಾನು ‘ಇತರರೂ ಚೆನ್ನಾಗಿ ಆಡಿದರು’ ಎಂದು ಬರೆದಿದ್ದೆ. ಒಬ್ಬ ತಾಯಿ ಇನ್‌ಲ್ಯಾಂಡ್ ಪತ್ರ ಬರೆದರು: ತಮ್ಮ ಮಗಳು ‘ಇತರರು’ ಅಲ್ಲವೆಂದೂ, ಅವಳಿಗೆ ಹೆಸರಿದೆಯೆಂದೂ, ಆ ಹೆಸರು ಇಂಥದೆಂದೂ ಅದರಲ್ಲಿತ್ತು. ನಮ್ಮ ಉಪಸಂಪಾದಕರು ಆ ಪತ್ರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು.

ಇವೆಲ್ಲ ನಗುವ ಮಾತು. ನಗಲಾಗದ ಒಂದು ಪ್ರಸಂಗವೂ ಉಂಟು.

ಹೈಸ್ಕೂಲುಗಳ ಕಬಡ್ಡಿ ಪಂದ್ಯಾವಳಿಯ ಕೊನೆಯ ದಿನ. ಬೆಳಗ್ಗೆ ಸೆಮಿಫೈನಲ್, ಸಂಜೆ ಫೈನಲ್. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಒಂದು ಶಾಲೆ ಒಂದು ಅಂಕದಿಂದ ಮುಂದಿತ್ತು. ಆ ಶಾಲೆಯ ಹುಡುಗ ದಾಳಿಗೆ ಹೋದ. ಅವನು ಮಾಡಬೇಕಾದದ್ದು ಇಷ್ಟೆ: ಎದುರಾಳಿಯ ಅಂಗಳದ ಒಳಗೆರೆಯನ್ನು ದಾಟಿ, ಯಾರ ಕೈಗೂ ಸಿಕ್ಕದೆ, ಉಸಿರು ಹಿಡಿದು ಹಿಂದಿರುಗುವುದು. ಅವನು ಹಾಗೆ ಮಾಡಲಿಲ್ಲ. ಮೂಲೆಯಲ್ಲಿದ್ದವನನ್ನು ಮುಟ್ಟಲು ಕಾಲು ಚಾಚಿದ. ಚಾಚಿದ ಕಾಲಿನ ಹರಡನ್ನೇ ಅವರು ಹಿಡಿದರು. ಅಂಕ ಸಮವಾಯಿತು, ಹೆಚ್ಚುವರಿ ಆಟದಲ್ಲಿ ಅವನ ಶಾಲೆ ಸೋತಿತು. ನಾನು ಬರೆದೆ: ಒಬ್ಬನ ಅವಿವೇಕದ ಸಾಹಸದಿಂದ ಕೈಗೆ ಬಂದ ಗೆಲುವು ಬಾಯಿಗೆ ಬರಲಿಲ್ಲ ಎಂದು. ಹುಡುಗನ ಹೆಸರು, ಇನಿಷಿಯಲ್, ಓದುತ್ತಿದ್ದ ತರಗತಿ ಮೂರನ್ನೂ ತಪ್ಪಿಲ್ಲದೆ ಬರೆದೆ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಮರುದಿನ ಸಂಜೆ ಅವನ ತಂದೆ ಬಂದರು. ಸೈಕಲ್ ರಿಪೇರಿ ಅಂಗಡಿಯವರು. ಕೈಯ ಗ್ರೀಸು ಪತ್ರಿಕೆಗೂ ಹತ್ತಿತ್ತು. ಬಂದವರೇ ಕೂಗಾಡಿದರು. ಪತ್ರಿಕೆಯನ್ನು ಮೇಜಿನ ಮೇಲೆ ಬಡಿದರು. ಬೈಗುಳ ನನಗೆ ಅಷ್ಟಾಗಿ ನೆನಪಿಲ್ಲ. ಕೂಗು ತಗ್ಗಿದ ಮೇಲೆ ಅವರು ಆಡಿದ ಎರಡು ಮಾತು ನೆನಪಿದೆ. “ಮೂರು ವರ್ಷದಿಂದ ಆಡ್ತಾ ಇದಾನೆ. ನಿಮಗೆ ಅವನ ಹೆಸರು ಗೊತ್ತಾಗಿದ್ದು ಅವನು ಸೋತ ದಿನ.” ಇದು ಒಂದು. ಎರಡನೆಯದು ಪ್ರಶ್ನೆ. “ನೀವು ಅಲ್ಲಿದ್ದಿರಾ?” ಇದ್ದೆನೆಂದೆ. “ಬೆಳಗ್ಗೆ?” ಬೆಳಗ್ಗೆ ನಾನಿರಲಿಲ್ಲ. ಸೆಮಿಫೈನಲಿನಲ್ಲಿ ಹುಡುಗನ ಕಾಲಿನ ಕೀಲು ಉಳುಕಿತ್ತಂತೆ. ಬಟ್ಟೆ ಸುತ್ತಿಕೊಂಡು ಸಂಜೆ ಆಡಿದನಂತೆ. ಗೆರೆ ದಾಟಿ ತಿರುಗಿ ಓಡಲು ಕಾಲು ಏಳದೆಂದು ತಿಳಿದೇ, ಒಬ್ಬನನ್ನಾದರೂ ಮುಟ್ಟಿಬಿಟ್ಟರೆ ಎರಡು ಅಂಕದ ಅಂತರವಾದೀತೆಂದು ಕಾಲು ಚಾಚಿದನಂತೆ. ನಿಜವೋ, ತಂದೆಯ ಮಮತೆ ಹೊಲಿದ ಕಥೆಯೋ, ಇಂದಿಗೂ ಹೇಳಲಾರೆ. ಅದನ್ನು ನೋಡಿ ಹೇಳಬಹುದಾಗಿದ್ದ ಹೊತ್ತಿನಲ್ಲಿ ನಾನು ತರಗತಿಯಲ್ಲಿ ಕುಳಿತು ‘ಗದಾಯುದ್ಧ’ದ ದುರ್ಯೋಧನನ ವಿಷಯವಾಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಸೋತವನಿಗೆ ರನ್ನ ತೋರಿದ ಗೌರವವೇ ಅಂದಿನ ಪಾಠ.

ತಿದ್ದುಪಡಿ ಹಾಕೋಣವೇ ಎಂದು ಉಪಸಂಪಾದಕರನ್ನು ಕೇಳಿದೆ. “ನೀನು ಬರೆದುದರಲ್ಲಿ ಸುಳ್ಳು ಯಾವುದು?” ಎಂದರು. ಯಾವುದೂ ಇರಲಿಲ್ಲ. ತಿದ್ದುಪಡಿಯೂ ಬರಲಿಲ್ಲ.

ಇದಾಗಿ ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೈಗೆ ಬಂತು. ಹೆಸರು ‘ಫ್ರೈಡೇ ನೈಟ್ ಲೈಟ್ಸ್’, ಬರೆದವನು ಎಚ್. ಜಿ. ಬಿಸ್ಸಿಂಜರ್ ಎಂಬ ಪತ್ರಕರ್ತ; ವಿಷಯ, ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಹೈಸ್ಕೂಲು ತಂಡದ 1988ರ ಆಟಗಳು. ಹೈಸ್ಕೂಲು ಹುಡುಗರ ಆಟದ ಬಗೆಗೆ ಮುನ್ನೂರು ಪುಟಕ್ಕೂ ಮೀರಿದ ಪುಸ್ತಕ! ನಾನು ಇಪ್ಪತ್ತು ಸಾಲು ಬರೆದು ಕೆಡಿಸಿದ ಕೆಲಸವನ್ನು ಈತ ಮುನ್ನೂರು ಪುಟದಲ್ಲಿ ಹೇಗೆ ಮಾಡಿದ್ದಾನೋ ನೋಡೋಣವೆಂದು ಕೊಂಡು ತಂದೆ. ಅದರ ಬೆನ್ನು ಹಿಡಿದು ಆ ದೇಶದ ಶಾಲಾ ಕ್ರೀಡೆಗಳ ಚರಿತ್ರೆಯನ್ನು ಸಿಕ್ಕಿದಷ್ಟು ಓದಿದೆ. ಈ ಲೇಖನ ಆ ಓದಿನ ಫಲ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮಲ್ಲಿ ಹೈಸ್ಕೂಲಿನ ಆಟವೆಂದರೆ ವ್ಯಾಯಾಮದ ಮೇಷ್ಟ್ರ ಸೀಟಿ, ಸುಣ್ಣದ ಗೆರೆ, ಗ್ಲೂಕೋಸ್ ಡಬ್ಬಿ. ಅಮೆರಿಕದ ಸಣ್ಣ ಊರುಗಳಲ್ಲಿ ಅದು ಊರಹಬ್ಬ. ನಮ್ಮ ರಥೋತ್ಸವಕ್ಕೆ ಸೇರುವಂತೆ ಅಲ್ಲಿ ಶುಕ್ರವಾರ ರಾತ್ರಿ ಊರೆಲ್ಲ ಶಾಲೆಯ ಮೈದಾನದಲ್ಲಿ ಸೇರುತ್ತದೆ. ಊರಿಗೊಂದೇ ಹೈಸ್ಕೂಲು, ಅಂಗಡಿಯವನು, ಪಾದ್ರಿ, ಬ್ಯಾಂಕಿನ ಗುಮಾಸ್ತ, ಎಲ್ಲರೂ ಅದರ ಹಳೆಯ ವಿದ್ಯಾರ್ಥಿಗಳು. ಸುತ್ತಿನ ಪಂದ್ಯಗಳು ಮುಗಿದು, ಸೋತವರು ಮನೆಗೆ ಎಂಬ ನಿಯಮದ ಕೊನೆಯ ಘಟ್ಟ ಬಂದಾಗ—ಅದನ್ನು ಅವರು ಪ್ಲೇಆಫ್ ಎನ್ನುತ್ತಾರೆ—ಹಬ್ಬ ಜ್ವರವಾಗುತ್ತದೆ. ಇಂಡಿಯಾನ ರಾಜ್ಯದ ನ್ಯೂಕ್ಯಾಸಲ್ ಎಂಬ ಪುಟ್ಟ ಊರಿನ ಹೈಸ್ಕೂಲಿಗೆ 1959ರಲ್ಲಿ ಕಟ್ಟಿದ ಬ್ಯಾಸ್ಕೆಟ್‌ಬಾಲ್ ಒಳಾಂಗಣದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಇದೆಲ್ಲ ಒಮ್ಮೆಲೇ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟಗಳನ್ನು ಹುಡುಗರೇ ನಡೆಸಿಕೊಳ್ಳುತ್ತಿದ್ದರು. ಮೋಸ, ಹೊಡೆದಾಟ, ಓದದವರನ್ನು ತಂದು ಆಡಿಸುವುದು ಹೆಚ್ಚಿದಾಗ ಉಪಾಧ್ಯಾಯರು ಕೈಹಾಕಿ ರಾಜ್ಯಕ್ಕೊಂದು ಸಂಘವನ್ನು ಕಟ್ಟಿದರು. ಟೆಕ್ಸಾಸಿನ ಸಂಘ 1910ರಲ್ಲಿ ಹುಟ್ಟಿದ್ದು ಆಟಕ್ಕಾಗಿ ಅಲ್ಲ, ಚರ್ಚಾಸ್ಪರ್ಧೆಗಾಗಿ. ಭಾಷೆಯ ಮೇಷ್ಟ್ರಾದ ನನಗೆ ಇದನ್ನು ಓದಿ ಸಂತೋಷವಾಯಿತು, ಮುಂದಿನದನ್ನು ಓದಿ ಸಂತೋಷ ಉಳಿಯಲಿಲ್ಲ. 1920ರ ಹೊತ್ತಿಗೆ ಅದೇ ಸಂಘ ರಾಜ್ಯಮಟ್ಟದ ಫುಟ್‌ಬಾಲ್ ಪ್ರಶಸ್ತಿಯನ್ನು ಕೊಡತೊಡಗಿತ್ತು. ಅಲ್ಲಿಯ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲವೆಂದು ವಾಚಕರು ಬಲ್ಲರು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು, ತಲೆಗೆ ಶಿರಸ್ತ್ರಾಣ ತೊಟ್ಟು, ಗುದ್ದಾಡಿಕೊಂಡು ಮುನ್ನುಗ್ಗುವ ಆಟ ಅದು. 1937ರಲ್ಲಿ ಷಿಕಾಗೋ ನಗರದ ಎರಡು ಹೈಸ್ಕೂಲುಗಳ ನಡುವಿನ ಪಂದ್ಯಕ್ಕೆ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಜನ ಸೇರಿದ್ದರೆಂದು ಅಂದಾಜು. ಎರಡು ವರ್ಷದ ಮೇಲೆ, 1939ರಲ್ಲಿ, ಇಲಿನಾಯ್ ಶಾಲಾ ಸಂಘದ ಅಧಿಕಾರಿ ಎಚ್. ವಿ. ಪೋರ್ಟರ್ ಎಂಬಾತ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಕಾಲದ ಜನರ ಉತ್ಸಾಹಕ್ಕೆ ‘ಮಾರ್ಚಿಯ ಹುಚ್ಚು’ ಎಂದು ಹೆಸರಿಟ್ಟ. ಇಂದು ಅಮೆರಿಕದ ಟೆಲಿವಿಷನ್ನಿನವರು ಕಾಲೇಜು ಪಂದ್ಯಗಳಿಗೆ ಬಳಸಿ ಕೋಟಿಗಟ್ಟಲೆ ಸಂಪಾದಿಸುವ ಹೆಸರು ಅದೇ. ಇಟ್ಟವನು ಮೆಚ್ಚಿಗೆಯಿಂದಲೇ ಇಟ್ಟ. ಆದರೂ ಶಾಲೆಯ ಅಧಿಕಾರಿಯೇ ಅದನ್ನು ಹುಚ್ಚೆಂದು ಕರೆದನೆಂಬುದು ಗಮನಿಸತಕ್ಕದ್ದು.

ಹುಚ್ಚಿಗೆ ಎಣ್ಣೆ ಎರೆದದ್ದು ಪತ್ರಿಕೆ. ಊರ ಪತ್ರಿಕೆಗೆ ರಾಷ್ಟ್ರದ ಸುದ್ದಿಗಿಂತ ಶಾಲೆಯ ಪಂದ್ಯವೇ ಲಾಭದ ಸರಕು. ಹನ್ನೊಂದು ಹುಡುಗರ ಹೆಸರು ಬಂದರೆ ಹನ್ನೊಂದು ಮನೆಗಳಲ್ಲಿ ಪತ್ರಿಕೆ ಮಾರುತ್ತದೆ; ಅಜ್ಜಿ ಚಿಕ್ಕಪ್ಪಂದಿರನ್ನು ಸೇರಿಸಿದರೆ ಇನ್ನೂ ಹೆಚ್ಚು. ಶುಕ್ರವಾರ ರಾತ್ರಿ ತರಬೇತುದಾರರು ಕಚೇರಿಗೆ ಫೋನು ಮಾಡಿ ಅಂಕಗಳನ್ನು ಹೇಳುವುದು, ನನ್ನಂಥ ಪಡ್ಡೆ ಹುಡುಗರು ಕಿವಿಗೆ ಫೋನು ಸಿಕ್ಕಿಸಿಕೊಂಡು ಬರೆದುಕೊಳ್ಳುವುದು, ಬೆಳಗಾದರೆ ತಪ್ಪು ಅಂಕಕ್ಕೆ ತಂದೆಯರು ಜಗಳಕ್ಕೆ ಬರುವುದು—ಇದು ಆ ದೇಶದ ಪ್ರತಿಯೊಂದು ಊರಿನ ಪತ್ರಿಕೆಯ ಅನುಭವ. ಪತ್ರಿಕೆಗಳು ವರದಿ ಮಾಡುವುದಕ್ಕೆ ನಿಲ್ಲದೆ ತೀರ್ಪು ಕೊಡುವುದಕ್ಕೂ ತೊಡಗಿದವು. ರಾಜ್ಯದ ಶ್ರೇಷ್ಠ ಹನ್ನೊಂದು ಮಂದಿ ಯಾರು, ಅತ್ಯುತ್ತಮ ಆಟಗಾರ ಯಾರು ಎಂದು ಪಟ್ಟಿ ಮಾಡಿದವು. ಇಂಡಿಯಾನದ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಎಂಬ ಬಿರುದು ಆರಂಭವಾದದ್ದು 1939ರಲ್ಲಿ. ಮೊದಲು ಅದನ್ನು ಪಡೆದವನು ಜಾರ್ಜ್ ಕ್ರೋ ಎಂಬ ಕಪ್ಪುವರ್ಣದ ಹುಡುಗ. ಪಟ್ಟಿಯಲ್ಲಿ ಸೇರಿದ ಒಬ್ಬನಿಗೆ ಸೇರದ ನೂರು ಮಂದಿಯ ತಾಯಂದಿರು ಇರುತ್ತಾರೆಂಬುದನ್ನು ಪಟ್ಟಿ ಮಾಡುವವರು ಯಾವ ದೇಶದಲ್ಲಿಯೂ ಎಣಿಸುವುದಿಲ್ಲ.

ಇಂಡಿಯಾನದ ಮಾತು ಬಂದದ್ದರಿಂದ ಎರಡು ಪಂದ್ಯಗಳನ್ನು ಹೇಳದೆ ಮುಂದೆ ಹೋಗಲಾರೆ. ಆ ರಾಜ್ಯದಲ್ಲಿ 1997ರವರೆಗೆ ಚಿಕ್ಕ ಶಾಲೆ ದೊಡ್ಡ ಶಾಲೆ ಎಂಬ ಭೇದವಿಲ್ಲದೆ ಎಲ್ಲಕ್ಕೂ ಒಂದೇ ಪಂದ್ಯಾವಳಿ. 1954ರ ಮಾರ್ಚಿ 20ರಂದು ಮೈಲನ್ ಎಂಬ ಹಳ್ಳಿಯ ಶಾಲೆ ಫೈನಲಿಗೆ ಬಂತು. ಶಾಲೆಯಲ್ಲಿದ್ದ ಮಕ್ಕಳು 161. ಎದುರಾಳಿ ಮನ್ಸಿ ಸೆಂಟ್ರಲ್, ಅದಾಗಲೇ ನಾಲ್ಕು ಬಾರಿ ಗೆದ್ದಿದ್ದ ದೊಡ್ಡ ಶಾಲೆ. ಕೊನೆಯ ಭಾಗದಲ್ಲಿ ಬಾಬ್ಬಿ ಪ್ಲಂಪ್ ಎಂಬ ಹುಡುಗ ಚೆಂಡನ್ನು ಹಿಡಿದು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಕದಲದೆ ನಿಂತ. ಸಾವಿರಾರು ಜನ ಉಸಿರು ಬಿಗಿ ಹಿಡಿದು ನೋಡಿದರು. ಅಂಕ 30–30 ಆಗಿದ್ದಾಗ, ಕೊನೆಯ ಕ್ಷಣದಲ್ಲಿ ಅವನೇ ಎಸೆದ ಚೆಂಡು ಬುಟ್ಟಿಗೆ ಬಿತ್ತು: 32–30. ಹೆಚ್ಚೆಂದರೆ ಸಾವಿರದ ಇನ್ನೂರು ಜನರ ಆ ಹಳ್ಳಿಗೆ ಮರುದಿನ ಹುಡುಗರನ್ನು ಸ್ವಾಗತಿಸಲು ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಬಂದರೆಂದು ಹೇಳುತ್ತಾರೆ. 1986ರ ‘ಹೂಸಿಯರ್ಸ್’ ಎಂಬ ಚಲನಚಿತ್ರಕ್ಕೆ ಪ್ರೇರಣೆ ಇದೇ ಪಂದ್ಯ. ಪ್ಲಂಪನ ಹೆಸರನ್ನು ಅಲ್ಲಿ ಮಕ್ಕಳೂ ಬಲ್ಲರು. ಆ ಕೊನೆಯ ಎಸೆತದಲ್ಲಿ ಅವನನ್ನು ತಡೆಯಲು ನಿಂತಿದ್ದ ಮನ್ಸಿಯ ಹುಡುಗನೂ ಒಬ್ಬನಿದ್ದ. ಅವನ ಹೆಸರು ಪುಸ್ತಕಗಳಲ್ಲಿ ಉಂಟು. ಪ್ರತಿಸಲವೂ ಅದೇ ಒಂದು ಕ್ಷಣದೊಡನೆ ಬರುತ್ತದೆ. ನಾನಿಲ್ಲಿ ಅದನ್ನು ಬರೆಯುವುದಿಲ್ಲ.

ಮರುವರ್ಷ, 1955ರಲ್ಲಿ, ಗೆದ್ದದ್ದು ಇಂಡಿಯಾನಾಪೊಲಿಸ್ ನಗರದ ಕ್ರಿಸ್ಪಸ್ ಅಟಕ್ಸ್ ಶಾಲೆ. 1927ರಲ್ಲಿ ಕಪ್ಪುಜನರ ಮಕ್ಕಳನ್ನು ಬೇರೆ ಇಡುವುದಕ್ಕೆಂದೇ ತೆರೆದ ಶಾಲೆ ಅದು. 1942ರವರೆಗೂ ರಾಜ್ಯದ ಪಂದ್ಯಾವಳಿಗೆ ಅದಕ್ಕೆ ಪ್ರವೇಶವಿರಲಿಲ್ಲ. ತರಬೇತುದಾರ ರೇ ಕ್ರೋ, ಹಿಂದೆ ಹೇಳಿದ ಜಾರ್ಜನ ಅಣ್ಣ. ತಂಡದಲ್ಲಿ ಮುಂದೆ ಜಗತ್ಪ್ರಸಿದ್ಧನಾದ ಆಸ್ಕರ್ ರಾಬರ್ಟ್‌ಸನ್ ಇದ್ದ. ಗೆದ್ದ ತಂಡದ ಮೆರವಣಿಗೆ ನಗರದ ನಡುವಣ ಸ್ಮಾರಕವೃತ್ತದಲ್ಲಿ ನಿಂತು ಸಂಭ್ರಮಿಸುವುದು ಸಂಪ್ರದಾಯ. ಈ ಹುಡುಗರ ಮೆರವಣಿಗೆಯನ್ನು ಅಲ್ಲಿ ನಿಲ್ಲಗೊಡದೆ ಕಪ್ಪುಜನರ ಬಡಾವಣೆಯ ಒಂದು ಉದ್ಯಾನಕ್ಕೆ ಸಾಗಹಾಕಿದರು. ಸೋತವನಿಗೆ ಆಗುವ ಅವಮಾನ ಗೆದ್ದವನಿಗೂ ಆಗಬಹುದೆಂಬುದಕ್ಕೆ ಇದು ಸಾಕ್ಷಿ. ಆ ಹುಡುಗರ ತಂದೆತಾಯಿಗಳಿಗೆ ಕೋಪ ಬರಲಿಲ್ಲವೇ? ಬಂದಿರಬೇಕು. ಅದನ್ನು ತೆಗೆದುಕೊಂಡು ಹೋಗಲು ಅವರಿಗೆ ಒಂದು ಕಚೇರಿ, ಬಡಿಯಲು ಒಂದು ಮೇಜು ಇರಲಿಲ್ಲ.

ಇನ್ನು ಬಿಸ್ಸಿಂಜರನ ಪುಸ್ತಕ. ಆತ ಸಾಮಾನ್ಯ ವರದಿಗಾರನಲ್ಲ. ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿದ್ದು, ಅಲ್ಲಿಯ ನ್ಯಾಯಾಲಯಗಳ ಅವ್ಯವಹಾರವನ್ನು ಬಯಲಿಗೆಳೆದು 1987ರಲ್ಲಿ ಸಹೋದ್ಯೋಗಿಗಳೊಡನೆ ಪುಲಿಟ್ಜರ್ ಪಾರಿತೋಷಕವನ್ನು ಪಡೆದಿದ್ದವನು. 1988ರಲ್ಲಿ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಡನೆ ಟೆಕ್ಸಾಸಿನ ಒಡೆಸ್ಸಾ ಎಂಬ ಊರಿಗೆ ಹೋಗಿ ನೆಲೆಸಿದ. ತೊಂಬತ್ತು ಸಾವಿರ ಜನಸಂಖ್ಯೆಯ ಎಣ್ಣೆಯೂರು. ಎಣ್ಣೆಯ ಬೆಲೆ 1986ರಲ್ಲಿ ಕುಸಿದು ಊರಿನ ಮುಖ ಬಾಡಿತ್ತು. ಬಾಡದೆ ಉಳಿದದ್ದು ಪರ್ಮಿಯನ್ ಹೈಸ್ಕೂಲಿನ ಫುಟ್‌ಬಾಲ್ ತಂಡವೊಂದೇ. ಆ ತಂಡಕ್ಕೆ 1982ರಲ್ಲಿ 56 ಲಕ್ಷ ಡಾಲರು ವೆಚ್ಚ ಮಾಡಿ ಹತ್ತೊಂಬತ್ತು ಸಾವಿರ ಜನ ಕೂರುವ ಮೈದಾನ ಕಟ್ಟಿದ್ದರು. ದೂರದ ಪಂದ್ಯಗಳಿಗೆ ಹುಡುಗರು ಹೋಗುತ್ತಿದ್ದುದು ಬಾಡಿಗೆ ವಿಮಾನದಲ್ಲಿ. ಊರ ಹಿರಿಯರ ಪ್ರೋತ್ಸಾಹಕ ಸಂಘ ವಾರಕ್ಕೊಮ್ಮೆ ಸೇರಿ, ಹಿಂದಿನ ಪಂದ್ಯದ ಚಿತ್ರವನ್ನು ನೋಡಿ, ತರಬೇತುದಾರನನ್ನು ಪ್ರಶ್ನಿಸುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ತಂದೆತಾಯಿಗಳು ವಾರಕ್ಕೊಮ್ಮೆ ಸೇರಿ ಛಂದಸ್ಸಿನ ಪಾಠ ಎಲ್ಲಿಗೆ ಬಂತೆಂದು ಕೇಳುವುದನ್ನು ಊಹಿಸಿಕೊಳ್ಳಿ.

ಬಿಸ್ಸಿಂಜರ್ ಆ ಇಡೀ ಋತು ಅಲ್ಲಿದ್ದ. ಮೈದಾನದಲ್ಲಿ ಮಾತ್ರವಲ್ಲ, ತರಗತಿಯಲ್ಲಿ, ಚರ್ಚಿನಲ್ಲಿ, ಹುಡುಗರ ಮನೆಗಳ ಅಡುಗೆಮನೆಯಲ್ಲಿ. ತಂಡದ ಮುಖ್ಯ ಓಟಗಾರನಾದ ಕಪ್ಪುವರ್ಣದ ಹುಡುಗ ಋತು ಆರಂಭವಾಗುವ ಮೊದಲೇ ಒಂದು ಅಭ್ಯಾಸಪಂದ್ಯದಲ್ಲಿ ಮೊಳಕಾಲು ಮುರಿದುಕೊಂಡ. ನಿನ್ನೆಯವರೆಗೆ ದೇವರಾಗಿದ್ದವನನ್ನು ಊರು ಎಷ್ಟು ಬೇಗ ಮರೆಯಿತೆಂಬುದು ಆ ಪುಸ್ತಕದ ಅತ್ಯಂತ ಕರುಣಾಜನಕ ಭಾಗ. ನಡುವೆ ನೆರೆಯೂರಿನ ಮಿಡ್‌ಲ್ಯಾಂಡ್ ಲೀ ಶಾಲೆಯ ಎದುರು ತಂಡ ಒಂದೇ ಒಂದು ಅಂಕದಿಂದ, 22–21ರಿಂದ, ಸೋತಿತು. ಅಂದು ರಾತ್ರಿ ತರಬೇತುದಾರ ಗ್ಯಾರಿ ಗೇನ್ಸ್ ಮನೆಗೆ ಬಂದಾಗ ಅಂಗಳದ ಹುಲ್ಲಿನಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆಗಳು ನೆಟ್ಟಿದ್ದವು. ಊರು ಬಿಟ್ಟು ಹೊರಡು ಎಂದು ಹೇಳುವ ರೀತಿ ಅದು.

ಸುತ್ತಿನ ಪಂದ್ಯಗಳು ಮುಗಿದಾಗ ಮೂರು ಶಾಲೆಗಳು ಸಮನಾಗಿ ನಿಂತವು. ಮುಂದಕ್ಕೆ ಎರಡಕ್ಕೆ ಮಾತ್ರ ಅವಕಾಶ. ಮಧ್ಯರಾತ್ರಿ ಕಳೆದ ಮೇಲೆ ಲಾರಿಗಳು ನಿಲ್ಲುವ ಒಂದು ತಂಗುದಾಣದಲ್ಲಿ ಮೂವರು ತರಬೇತುದಾರರು ನಾಣ್ಯ ಚಿಮ್ಮಿದರು. ಟೆಲಿವಿಷನ್ನಿನಲ್ಲಿ ಊರುಗಳೆಲ್ಲ ಎಚ್ಚರವಾಗಿದ್ದು ನೋಡಿದವು. ಪರ್ಮಿಯನ್ ಉಳಿಯಿತು, ಮಿಡ್‌ಲ್ಯಾಂಡ್ ಹೈ ಹೊರಬಿತ್ತು. ಒಂದು ವರ್ಷದ ಬೆವರನ್ನು ಒಂದು ಬಿಲ್ಲೆ ಗಾಳಿಯಲ್ಲಿ ತಿರುಗಿ ತೀರ್ಮಾನಿಸಿತು. ಇಲ್ಲಿ ಸೋತವರ ಮೇಲೆ ‘ಅವಿವೇಕ’ವನ್ನು ಹೊರಿಸಲು ಯಾವ ವರದಿಗಾರನಿಗೂ ಆಗಲಿಲ್ಲವೆಂಬುದು ಒಂದು ಸಮಾಧಾನ.

ಪರ್ಮಿಯನ್ ಸೆಮಿಫೈನಲಿನವರೆಗೆ ಹೋಯಿತು. ಡಿಸೆಂಬರಿನ ಮಳೆಯಲ್ಲಿ, ಆಸ್ಟಿನ್ ನಗರದಲ್ಲಿ, ಡಲ್ಲಾಸಿನ ಕಾರ್ಟರ್ ಹೈಸ್ಕೂಲು ಅವರನ್ನು 14–9ರಿಂದ ಸೋಲಿಸಿತು. ಈ ಕಾರ್ಟರ್ ಶಾಲೆಯ ಕಥೆಯೇ ಬೇರೊಂದು ಪುರಾಣ. ಟೆಕ್ಸಾಸಿನಲ್ಲಿ 1984ರಲ್ಲಿ ಒಂದು ಕಾನೂನಾಗಿತ್ತು: ಯಾವುದೇ ಒಂದು ವಿಷಯದಲ್ಲಿ ನೂರಕ್ಕೆ ಎಪ್ಪತ್ತು ಅಂಕ ಬರದ ವಿದ್ಯಾರ್ಥಿ ಆರು ವಾರ ಆಡುವಂತಿಲ್ಲ. ಕಾರ್ಟರ್ ತಂಡದ ಒಬ್ಬ ಮುಖ್ಯ ಆಟಗಾರ ಬೀಜಗಣಿತದಲ್ಲಿ ಪಾಸಾದನೇ ಇಲ್ಲವೇ ಎಂಬ ಪ್ರಶ್ನೆ ಎದ್ದಿತು. ಲೆಕ್ಕದ ಮೇಷ್ಟ್ರು ಇಲ್ಲವೆಂದರು. ಮುಖ್ಯೋಪಾಧ್ಯಾಯರು ಅಂಕ ಬದಲಾಯಿಸಿದರು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ವಿಚಾರಣೆ, ನ್ಯಾಯಾಲಯದ ಅಪ್ಪಣೆ ಪಡೆದು ಆಟ. ಪತ್ರಿಕೆಗಳಲ್ಲಿ ಒಬ್ಬ ಹುಡುಗನ ಬೀಜಗಣಿತದ ಅಂಕಗಳು ಸರಕಾರದ ಆಯವ್ಯಯದಂತೆ ಚರ್ಚೆಯಾದವು. ಕಾರ್ಟರ್ ಶಾಲೆ ಆ ವರ್ಷ ಪ್ರಶಸ್ತಿಯನ್ನು ಗೆದ್ದಿತು. 1991ರಲ್ಲಿ ಅದನ್ನು ಕಿತ್ತು, ಫೈನಲಿನಲ್ಲಿ ಸೋತಿದ್ದ ಕಾನ್ವರ್ಸ್ ಜಡ್ಸನ್ ಶಾಲೆಗೆ ಕೊಟ್ಟರು. ಎರಡು ವರ್ಷ ಕಳೆದ ಮೇಲೆ ಗೆದ್ದವರೆಂದು ತಿಳಿದಾಗ ಆ ಹುಡುಗರು ಎಲ್ಲೆಲ್ಲಿ ಏನೇನು ಮಾಡುತ್ತಿದ್ದರೋ!

ಪುಸ್ತಕ 1990ರಲ್ಲಿ ಹೊರಬಂತು. ಒಡೆಸ್ಸಾ ಕೆರಳಿ ನಿಂತಿತು. ಆಟದ ವರ್ಣನೆಗಾಗಿ ಅಲ್ಲ. ಆಟದ ಸುತ್ತ ಆತ ಕಂಡದ್ದನ್ನು ಬರೆದದ್ದಕ್ಕಾಗಿ. ಕಪ್ಪು ಹುಡುಗರ ವಿಷಯವಾಗಿ ಊರಿನ ದೊಡ್ಡವರು ಆಡುತ್ತಿದ್ದ ಮಾತುಗಳನ್ನು ಇದ್ದಂತೆಯೇ ಬರೆದಿದ್ದ. ಶಾಲೆಯ ಲೆಕ್ಕಪುಸ್ತಕವನ್ನೂ ನೋಡಿ ಬರೆದಿದ್ದ: ಆಟದ ಹುಡುಗರ ಪಟ್ಟಿ-ಔಷಧಿಗಳ ಖರ್ಚು 6,750 ಡಾಲರು, ಇಂಗ್ಲಿಷ್ ವಿಭಾಗದ ಬೋಧನಸಾಮಗ್ರಿಗೆ 5,040. (ನಮ್ಮ ವಿಭಾಗದ ಸೀಮೆಸುಣ್ಣದ ಲೆಕ್ಕವನ್ನು ಯಾರಾದರೂ ಹೀಗೆ ಅಚ್ಚುಹಾಕಿಸಬಾರದೇ ಎಂದು ನನಗೆ ಅನ್ನಿಸದೆ ಇರಲಿಲ್ಲ.) ಅದೇ ಸಮಯಕ್ಕೆ, ನಿಯಮ ಮೀರಿ ಅಭ್ಯಾಸ ನಡೆಸಿದ ತಪ್ಪಿಗೆ, ಪರ್ಮಿಯನ್ ತಂಡವನ್ನು 1990ರ ಪ್ಲೇಆಫ್‌ನಿಂದ ಹೊರಗಿಟ್ಟರು. ಕೋಪ ಇಮ್ಮಡಿಯಾಯಿತು. ಒಡೆಸ್ಸಾದ ಪುಸ್ತಕದಂಗಡಿಗಳಲ್ಲಿ ಲೇಖಕ ಬಂದು ಸಹಿ ಹಾಕಿ ಕೊಡಬೇಕಾಗಿದ್ದ ಕಾರ್ಯಕ್ರಮ ಬೆದರಿಕೆಗಳಿಂದಾಗಿ ರದ್ದಾಯಿತು. ತನ್ನ ಮನೆಗೆ, ಮನಸ್ಸಿಗೆ ಬಿಟ್ಟುಕೊಂಡವನು ತನಗೆ ದ್ರೋಹ ಮಾಡಿದನೆಂದು ಗೇನ್ಸ್ ನೊಂದುಕೊಂಡ. 2022ರಲ್ಲಿ ತೀರಿಕೊಂಡ ಆತ ಆ ಪುಸ್ತಕವನ್ನು ಓದಲೇ ಇಲ್ಲವಂತೆ.

ಈ ಭಾಗವನ್ನು ಓದಿದಾಗ ನನಗೆ ಒಂದು ಬಗೆಯ ದಿಗ್ಭ್ರಮೆಯಾಯಿತು. ಸೈಕಲ್ ಅಂಗಡಿಯ ಯಜಮಾನರ ಪ್ರಶ್ನೆ ಬಿಸ್ಸಿಂಜರನಿಗೆ ತಾಗುವುದಿಲ್ಲ. ಆತ ಬೆಳಗ್ಗೆಯೂ ಇದ್ದ, ಸಂಜೆಯೂ ಇದ್ದ, ನಾಲ್ಕು ತಿಂಗಳು ಇದ್ದ. ಇದ್ದೂ ಬೈಸಿಕೊಂಡ. ಹಾಗಾದರೆ ಇದ್ದು ಪ್ರಯೋಜನವೇನು? ಬಹಳ ದಿನ ಯೋಚಿಸಿ ನನಗೆ ಹೊಳೆದದ್ದಿಷ್ಟು. ಒಡೆಸ್ಸಾದವರು ‘ನೀನು ಕಂಡದ್ದನ್ನು ಏಕೆ ಬರೆದೆ?’ ಎಂದು ಕೋಪಿಸಿಕೊಂಡರು. ನನ್ನ ಮೇಲೆ ಬಂದ ಕೋಪ ‘ನೀನು ಕಾಣದ್ದನ್ನು ಬಿಟ್ಟು ಏಕೆ ಬರೆದೆ?’ ಎಂಬುದು. ಮೊದಲನೆಯದನ್ನು ಹೊತ್ತುಕೊಂಡು ಬಾಳಬಹುದು. ಮೊಳಕಾಲು ಮುರಿದುಕೊಂಡ ಆ ಹುಡುಗನನ್ನು ಊರು ಕೈಬಿಟ್ಟ ಮೇಲೆಯೂ ಬಿಸ್ಸಿಂಜರ್ ಬಿಡಲಿಲ್ಲ. ಎರಡು ದಶಕಗಳಾದ ಮೇಲೆ, 2012ರಲ್ಲಿ, ತಮ್ಮಿಬ್ಬರ ಒಡನಾಟದ ವಿಷಯವಾಗಿಯೇ ಇನ್ನೊಂದು ಸಣ್ಣ ಪುಸ್ತಕ ಬರೆದ. ನಾನು ಸೈಕಲ್ ಅಂಗಡಿಯ ಬೀದಿಯನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಓಡಾಡಿದೆ.

ತಂದೆತಾಯಿಗಳ ಕೋಪವೆಲ್ಲ ನ್ಯಾಯವಾದದ್ದೆಂದು ನನ್ನ ವಾದವಲ್ಲ. ಅಮೆರಿಕದಲ್ಲಿ ಅದು ಈಗ ರೋಗವಾಗಿದೆ. 2019ರ ಜನವರಿಯಲ್ಲಿ ಆ ದೇಶದ ಹೈಸ್ಕೂಲು ಕ್ರೀಡಾಸಂಘಗಳ ರಾಷ್ಟ್ರೀಯ ಒಕ್ಕೂಟದ ಮುಖ್ಯಸ್ಥೆ ಕರಿಸ್ಸಾ ನೀಹಾಫ್, ರಾಜ್ಯಸಂಘಗಳ ಮುಖ್ಯಸ್ಥರೊಡನೆ ಸೇರಿ, ಊರೂರ ಪತ್ರಿಕೆಗಳಲ್ಲಿ ತಂದೆತಾಯಿಗಳಿಗೆ ಬಹಿರಂಗ ಪತ್ರ ಬರೆದರು. ‘ಅಪ್ಪ ಅಮ್ಮಂದಿರೇ, ಸ್ವಲ್ಪ ತಣ್ಣಗಾಗಿ’ ಎಂಬ ಧಾಟಿಯ ತಲೆಬರಹ. ಪಂದ್ಯದ ತೀರ್ಪುಗಾರರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ಕೆಲಸ ಬಿಡಲು ದೊಡ್ಡವರ ವರ್ತನೆಯೇ ಮುಖ್ಯ ಕಾರಣವೆಂದು ಹೇಳಿದ್ದಾರೆಂದೂ, ಹೊಸದಾಗಿ ಬಂದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಎರಡೇ ವರ್ಷದಲ್ಲಿ ಸೀಟಿ ಕೆಳಗಿಡುತ್ತಾರೆಂದೂ ಅದರಲ್ಲಿತ್ತು. ಆಡುವ ಮಕ್ಕಳು ಹೆಚ್ಚು, ಆಡಿಸುವವರು ಕಡಿಮೆಯಾಗಿ ಪಂದ್ಯಗಳೇ ನಿಂತ ಊರುಗಳುಂಟು. ಕೂಗುವ ತಂದೆಗೆ ತನ್ನ ಕೂಗಿನಿಂದ ತನ್ನ ಮಗನ ಆಟವೇ ನಿಂತೀತೆಂದು ತೋಚುವುದಿಲ್ಲ.

ಆದರೆ ಕೋಪವೇ ಬರದಂತಾದರೆ? ಅದಕ್ಕೂ ಒಂದು ಉದಾಹರಣೆ ಸಿಕ್ಕಿದೆ. 2005ರಿಂದ ಈಚೆಗೆ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಿಕೆಗಳು ಮುಚ್ಚಿವೆ, ಬಹಳಷ್ಟು ಸಣ್ಣ ಊರುಗಳವು. ಉಳಿದವುಗಳಲ್ಲಿ ಮೈದಾನಕ್ಕೆ ಕಳಿಸಲು ಹುಡುಗರಿಲ್ಲ. 2023ರ ಆಗಸ್ಟಿನಲ್ಲಿ ಗ್ಯಾನೆಟ್ ಎಂಬ ದೊಡ್ಡ ಪತ್ರಿಕಾಸಂಸ್ಥೆ ಹೈಸ್ಕೂಲು ಪಂದ್ಯಗಳ ವರದಿಯನ್ನು ಯಂತ್ರದಿಂದ ಬರೆಸಿತು. ಅಂಕಗಳನ್ನು ಒದಗಿಸಿದರೆ ಯಂತ್ರವೇ ವಾಕ್ಯ ಹೆಣೆಯುತ್ತದೆ. ಒಹಾಯೋ ರಾಜ್ಯದ ಕೊಲಂಬಸ್ ನಗರದ ಪತ್ರಿಕೆಯಲ್ಲಿ ಕಾಲ್ಚೆಂಡಿನ ಪಂದ್ಯವೊಂದರ ವರದಿ ಬಂತು. ಅದರಲ್ಲಿ ತಂಡದ ಬಿರುದು ಇರಬೇಕಾದ ಕಡೆ ‘ಗೆದ್ದ ತಂಡದ ಬಿರುದು’ ಎಂದೂ, ಸೋತವರ ಕಡೆ ‘ಸೋತ ತಂಡದ ಬಿರುದು’ ಎಂದೂ, ಖಾಲಿ ನಮೂನೆಯನ್ನು ತುಂಬುವುದಕ್ಕೆ ಮೊದಲೇ ಹಂಚಿದಂತೆ, ಕಂಸಗಳ ಸಹಿತ ಅಚ್ಚಾಗಿತ್ತು. ದೇಶವೆಲ್ಲ ನಕ್ಕಿತು, ಸಂಸ್ಥೆ ಆ ಪ್ರಯೋಗವನ್ನು ನಿಲ್ಲಿಸಿತು.

ನಾನೂ ನಕ್ಕೆ. ನಕ್ಕು ಮುಗಿಸಿದ ಮೇಲೆ ಆ ಪಂದ್ಯ ಆಡಿದ ಹುಡುಗರ ಮನೆಗಳ ನೆನಪಾಯಿತು. ಅಲ್ಲಿಯ ತಂದೆ ಪತ್ರಿಕೆಯನ್ನು ಹಿಡಿದು ಯಾರ ಮೇಜನ್ನು ಬಡಿಯಬೇಕು? ‘ನೀವು ಅಲ್ಲಿದ್ದಿರಾ?’ ಎಂದು ಯಾರನ್ನು ಕೇಳಬೇಕು? ನನ್ನ ಇಪ್ಪತ್ತು ಸಾಲು ಕೆಟ್ಟದ್ದಾಗಿತ್ತು. ಆದರೆ ಅವನ್ನು ಬರೆದವನು ಒಬ್ಬ ಕಚೇರಿಯಲ್ಲಿ ಸಿಕ್ಕುತ್ತಿದ್ದ, ತಲೆ ತಗ್ಗಿಸಿ ನಿಂತು ಕೇಳಿಕೊಳ್ಳುತ್ತಿದ್ದ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಲೂಕು ಕೇಂದ್ರದಿಂದ ಫೋನು ಮಾಡಿದ. ಈಗ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಾನೆ. ಹೈಸ್ಕೂಲುಗಳ ಖೋಖೋ ಪಂದ್ಯ ಆಗತಾನೆ ಮುಗಿದಿತ್ತು. ಹಿನ್ನೆಲೆಯಲ್ಲಿ ತಮಟೆ ಕೇಳಿಸುತ್ತಿತ್ತು. ಕೊನೆಯ ನಿಮಿಷದಲ್ಲಿ ಒಂದು ಹುಡುಗಿ ದಿಕ್ಕು ತಪ್ಪಿ ಫೌಲು ಮಾಡಿ ಪಂದ್ಯ ಹೋಯಿತಂತೆ. “ಸಾರ್, ಹೆಸರು ಬರೆಯಲೋ ಬೇಡವೋ?” ಎಂದ.

“ಬೆಳಗ್ಗೆಯಿಂದ ಅಲ್ಲಿದ್ದೀಯಾ?” ಎಂದು ಕೇಳಿದೆ.

“ಇಲ್ಲ ಸಾರ್, ಊಟ ಮಾಡಿಕೊಂಡು ಬಂದೆ.”

“ಹಾಗಾದರೆ ಮೊದಲು ಆ ಹುಡುಗಿಯ ಮನೆಯವರು ಯಾರಾದರೂ ಬಂದಿದ್ದಾರೆಯೇ ನೋಡು” ಎಂದೆ. ಆಯಿತು ಸಾರ್ ಎಂದು ಏನೋ ಹೇಳಲು ಹೊರಟ. ತಮಟೆಯ ಸದ್ದು ಹತ್ತಿರವಾಗಿ ಮಾತು ಕೇಳಿಸಲಿಲ್ಲ.